ಯಾವ ಪರ್ತ್ ಅಂತ ನಾನು ಕೇಳಲಿಲ್ಲ

ವೀಳ್ಯ ಬದಲಾಯಿಸಿ, ಊಟ ಮುಗಿಸಿ, ಬೀಗರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆಗುತ್ತಿತ್ತು. ನನ್ನ ಜಾಯಮಾನಕ್ಕೆ ಅದು ಒಗ್ಗದು.

"ಅಲ್ಲಪ್ಪ ಕಿರಣ, ನಿಮ್ಮನೆಯಿಂದ ನಮ್ ಮಧುಶ್ರೀ ಮನೆಗೆ ಎಷ್ಟು ದೂರ ಆಯ್ತದೆ? ಬೇಜಾರಾದ್ರೆ ಗೌತಮಿ ನಡ್ಕೊಂಡೋಗಿ ಬರೋ ಅಂಗದಾ?"

ಮದುವೆ ಗಂಡು ಕಿರಣ್‌ಕುಮಾರ್ ನಕ್ಕ. "ಅವ್ರೂ ಸ್ಕಾಟ್ಲೆಂಡ್‌ನಲ್ಲವ್ರಾ ಮಾವ?"

"ಯಾವ್ ಸ್ಕಾಟ್ಲೆಂಡು? ಆಸ್ಟ್ರೇಲಿಯಾ ಕಣಪ್ಪ. ಪರ್ತು."

ಹುಡುಗನ ನಗು ನಿಂತಿತು. "ನಾನಿರೋದು ಹಳೇ ಪರ್ತು ಮಾವ, ಸ್ಕಾಟ್ಲೆಂಡಿಂದು. ಅಲ್ಲಿಯ ಜನ ಗುಳೆ ಹೋದ ಕಡೆಯೆಲ್ಲ ತಮ್ಮೂರಿನ ಹೆಸರೇ ಇಟ್ರು. ಆಸ್ಟ್ರೇಲಿಯಾದಲ್ಲೊಂದು, ಕೆನಡಾದಲ್ಲೊಂದು. ನಮ್ಮ ಪರ್ತಿಂದ ಆಸ್ಟ್ರೇಲಿಯಾದ ಪರ್ತಿಗೆ ವಿಮಾನದಲ್ಲೇ ಹೆಚ್ಚೂಕಮ್ಮಿ ಒಂದು ದಿನ ಬೇಕು."

ಹೊಸ ಊರು ಕಟ್ಟುವವರಿಗೆ ಹೊಸ ಹೆಸರಿಡಲು ಏನು ರೋಗ?

ಭಾವ ಹೋದ ಮೇಲೆ ಕಟ್ಟೆಮಳಲವಾಡಿಯ ಈ ಮನೆಗೆ, ಅಂದರೆ ನನ್ನ ಅಕ್ಕ ಚಿಕ್ಕಸಿದ್ದಮ್ಮನ ಮನೆಗೆ, ನಾನೇ ಯಜಮಾನ. ದೊಡ್ಡ ಮಗಳು ಮಧುಶ್ರೀ ಆರು ವರ್ಷದ ಹಿಂದೆ ಸುನೀಲ್‌ಕುಮಾರನ ಕೈಹಿಡಿದು ಪರ್ತ್‌ಗೆ ಹೋದಳು. ಅವಳ ಸೆರಗು ಹಿಡಿದೇ ಬೆಳೆದ ಚಿಕ್ಕವಳು ಗೌತಮಿ ಬಂದ ಗಂಡುಗಳನ್ನೆಲ್ಲ ಬೇಡ ಅಂದಳು. "ಅಕ್ಕ ಇರೋ ಊರಿಗೆ ಕೊಡಂಗಿದ್ರೆ ಕೊಡಿ" ಅನ್ನುವುದೊಂದೇ ಅವಳ ಹಟ. ಕೆ.ಆರ್.ನಗರದ ನಂಜಣ್ಣನ ಮಗ ಪರ್ತ್‌ನಲ್ಲಿ ನರ್ಸ್ ಅಂತ ತಿಳಿದಾಗ ದೇವರೇ ಕಣ್ಣು ಬಿಟ್ಟ ಅಂದುಕೊಂಡೆ. ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ, ಯಾವ ಹೋಬಳಿ ಅಂತ ಕೇಳದೆ ಸಂಬಂಧ ಮಾತಾಡುವವನಲ್ಲ ನಾನು. ಪರ್ತ್ ಅಂದ ಕೂಡಲೇ ಮುಂದೆ ಕೇಳಲೇ ಇಲ್ಲ. ವೀಳ್ಯ ಆಗುವವರೆಗೆ ಹುಡುಗ ಹುಡುಗಿ ಫೋನಲ್ಲಿ ಮಾತಾಡಕೂಡದು ಅಂತ ಕಟ್ಟಪ್ಪಣೆ ಬೇರೆ ಮಾಡಿದ್ದೆ.

ಗೌತಮಿ ನಡುಮನೆ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿತ್ತು.

"ಎಲ್ಲಾ ವಿಚಾರ್ಸಿವ್ನಿ ಅಂದ್ರಲ್ಲ ಮಾವ? ನಂಗೆ ಈ ಮದ್ವೆ ಬ್ಯಾಡ."

"ನಾವೇನೂ ಮುಚ್ಚಿಡ್ಲಿಲ್ಲ ಕಣ್ರೀ ನಿಂಗಯ್ಯನೋರೆ," ನಂಜಣ್ಣ ಎದ್ದು ನಿಂತರು. "ಬಯೋಡೇಟಾದಲ್ಲಿ ಅಡ್ರೆಸ್ಸೇ ಇತ್ತಲ್ಲ."

ಇಷ್ಟು ಜನರ ಎದುರು ಮಾನ ಹೋಗುತ್ತಿತ್ತು. ಆಗ ನೆನಪಾಯಿತು, ಆ ಬಯೋಡೇಟಾವನ್ನು ನಾನು ಮಧುಶ್ರೀಗೆ ವಾಟ್ಸಾಪ್ ಮಾಡಿದ್ದೆ. ಒಳ್ಳೆ ಸಂಬಂಧ, ಬಿಡಬೇಡಿ ಅಂತ ಅವಳೇ ಬರೆದಿದ್ದಳು. ತಪ್ಪು ನನ್ನದೊಬ್ಬನದೇ ಅಲ್ಲ ಅಂತ ಎಲ್ಲರಿಗೂ ಕೇಳಿಸಲಿ ಅಂದುಕೊಂಡು ಫೋನ್ ಹಚ್ಚಿ, ಸ್ಪೀಕರ್ ಹಾಕಿದೆ.

"ಏನವ್ವಾ, ಓದಿದೋಳು ನೀನು. ಗಂಡು ಇರೋದು ಸ್ಕಾಟ್ಲೆಂಡಲ್ಲಿ ಅಂತ ನೋಡ್ದೇನೇ ಊ ಅಂದ್ಯಾ?"



"ಅವತ್ತೇ ನೋಡ್ದೆ ಮಾವ."

"ನೋಡ್ಬುಟ್ಟೂ ಸುಮ್ಕಿದ್ಯಾ? ಯಾಕೆ?"

"ನೀವೊಬ್ರೇ ಇದೀರಾ ಮಾವ?"

ಪಡಸಾಲೆಯಲ್ಲಿ ಇಪ್ಪತ್ತು ಜನ ಇದ್ದರು. ಅವಳ ಬಾಯಿಂದಲೇ ತಪ್ಪೊಪ್ಪಿಗೆ ಬರಲಿ ಅನ್ನುವ ಆಸೆ ನನಗೆ. "ಊ ಕಣವ್ವ, ಒಬ್ನೇ ಇವ್ನಿ. ಏಳು."

"ಸುನೀಲ್ ನನ್ನ ಬಿಟ್ಟೋಗಿ ಎರಡು ವರ್ಷ ಆಯ್ತು ಮಾವ. ವೃದ್ಧಾಶ್ರಮದಲ್ಲಿ ಕೆಲಸ ಮಾಡ್ಕೊಂಡು ಒಂದ್ ರೂಮಲ್ಲಿ ಇವ್ನಿ. ನೀವು ಫೋನ್ ಮಾಡ್ದಾಗೆಲ್ಲ ಅವ್ರು ಡ್ಯೂಟಿಲಿ ಅವ್ರೆ, ನಿದ್ದೆ ಮಾಡ್ತಾವ್ರೆ ಅಂತ ಸುಳ್ಳೇಳ್ಕೊಂಡು ಬಂದೆ. ಗೌತಮಿ ಈ ಊರಿಗೇ ಬಂದ್ರೆ ಮೊದಲ ದಿನವೇ ಎಲ್ಲಾ ಗೊತ್ತಾಗೋಗ್ತದೆ. ಅವ್ಳು ಎಲ್ಲಾದ್ರೂ ದೂರ ಚೆನ್ನಾಗಿರ್ಲಿ. ಅವ್ವಂಗೆ ಮಾತ್ರ ಏಳ್ಬೇಡಿ ಮಾವ, ತಡ್ಕಳಲ್ಲ."

ಅಡಿಕೆ ಜಗಿಯುತ್ತಿದ್ದ ಬಾಯಿಗಳು ನಿಂತುಹೋದವು. ಸ್ಪೀಕರ್ ಆರಿಸಬೇಕು ಅಂತಲೂ ನನಗೆ ಹೊಳೆಯಲಿಲ್ಲ. ಗೌತಮಿ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದಳು. ಅಕ್ಕ ಎದ್ದು ಬಂದು ನನ್ನ ಕೈಲಿದ್ದ ಫೋನಿನ ಹತ್ತಿರ ಬಗ್ಗಿದಳು.

"ಎರಡ್ ವರ್ಸನಾ ಮಗಾ?"

ಮಧುಶ್ರೀ ಮಾತಾಡಿದ್ದು ಅವಳವ್ವನ ಹತ್ತಿರ ಅಲ್ಲ.

"ಮಾವ," ಅಂದಳು, "ಒಬ್ನೇ ಇವ್ನಿ ಅಂದ್ರಲ್ಲ."