ಎರಡನೆಯ ಒತ್ತು

ಎದೆಯ ಎಕ್ಸ್-ರೇ ಫೋಟೋ ತೆಗೆಯುವ ಮೋಟಾರು ಗಾಡಿ ಹೈದರಾಬಾದಿನಿಂದ ಬಂದು ಲಿಂಗಸುಗೂರಿನ ಮುಸಾಫಿರಖಾನೆಯ ಅಂಗಳದಲ್ಲಿ ನಿಂತಿತ್ತು. ಇವತ್ತು ಸಂಜೆ ಹೊರಟರೆ ಮತ್ತೆ ಯಾವಾಗ ಬರುವುದೋ ಯಾರಿಗೂ ತಿಳಿಯದು. ಸಾಲಿನ ಕೊನೆಯಲ್ಲಿ ಪಾಮನಕಲ್ಲೂರಿನ ವೀರಭದ್ರಮ್ಮ. ಹೆರಿಗೆಯಾದಾಗಿನಿಂದ ಅವಳಿಗೆ ಬಿಡದ ಕೆಮ್ಮು. ಕ್ಷಯವೋ ಅಲ್ಲವೋ ಫೋಟೋದಲ್ಲಿ ಕಾಣುವ ತನಕ ಕೂಸನ್ನು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ಅತ್ತೆ ಶೇಖರಮ್ಮ ಆಡಿನ ಹಾಲು ಹಾಕಿ ಸಾಕುತ್ತಿದ್ದಳು. ಈಗಲೂ ದೂರದ ಬೇವಿನ ಕೆಳಗೆ, ಕೂಸಿನ ಮುಖ ಸೊಸೆಗೆ ಕಾಣುವಂತೆ ಹೆಗಲ ಮೇಲೆ ಹೊರಳಿಸಿ ಹಿಡಿದು ನಿಂತಿದ್ದಳು.

ಮೊದಲೇ ಫೋಟೋ ತೆಗೆಸಿಕೊಂಡಿದ್ದ ಮಸ್ಕಿಯ ಯಮನಮ್ಮ ಸಾಲಿನ ಹೆಂಗಸರಿಗೆಲ್ಲ ಧೈರ್ಯ ಹೇಳುತ್ತಿದ್ದಳು.

"ಅಂಜಬ್ಯಾಡ್ರೆವ್ವಾ. ಹಲಗಿಗೆ ಎದಿ ಹಚ್ಚಿ ನಿಂದ್ರಬೇಕು. ಉಸುರು ಹಿಡೀರಿ ಅಂದಾಗ ಹಿಡೀಬೇಕು. ಟಕ್ ಅಂತದ, ಬಿಟ್ಟುಬಿಡಬೇಕು. ಅಷ್ಟ!"

ವೀರಭದ್ರಮ್ಮ ಹಾಗೆಯೇ ಮಾಡಿದಳು. ಫೋಟೋ ತೆಗೆಯುವ ರಹಿಮಾನ್ ಸಾಹೇಬರು ಫಿಲಂ ತೊಳೆದು ತಂದು ತಲೆಯಾಡಿಸಿದರು.

"ಅಲುಗ್ಯಾದ ತಂಗಿ. ಏನೂ ಕಾಣಾಂಗಿಲ್ಲ. ಉಸುರು ಯಾಕ ಬಿಟ್ರಿ?"

"ಟಕ್ ಅಂತಲ್ರೀ ಅಣ್ಣಾರ. ಯಮನಮ್ಮಾರು ಹೇಳಿದ್ರು."

ರಹಿಮಾನ್ ಹಣೆ ಚಚ್ಚಿಕೊಂಡರು. "ಬೆಳಿಗ್ಗಿಂದ ಎರಡೆರಡು ಸಲ ತೆಗದು ಫಿಲಂ ಮುಗಿಸೀನಿ. ಸ್ವಿಚ್ ಕೆಟ್ಟದ ಅಂತ ಬಿಚ್ಚಿ ಬಿಚ್ಚಿ ನೋಡಾಕತ್ತೀನಿ. ಹೊರಗ ಯಮನಮ್ಮ ಎಲ್ಲಾರಿಗೂ ಇಂಥಾ ಪಾಠ ಹೇಳಾಕತ್ಯಾಳ! ಈಗ ಉಳಿದದ್ದು ಒಂದ ಫಿಲಂ."

ಅವಳ ಮುಖ ನೋಡಿ ಅವರ ದನಿ ಇಳಿಯಿತು. ಯಂತ್ರ ಆರಿಸಿ, ಕೈಯಲ್ಲಿ ಹಿಡಿದು ಒತ್ತುವ ಸ್ವಿಚ್ಚಿನ ಕರಿ ಹಿಡಿಕೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

"ನೋಡ್ರಿ, ಇದು ಗುಂಡಿ. ಕೆಳಗ ಸ್ಪ್ರಿಂಗ್. ಅದರ ಕೆಳಗ ತಾಮ್ರದ ಪಟ್ಟಿ, ಎರಡು ಜೋಡಿ. ಅರ್ಧ ಒತ್ತಿದ್ರ ಮ್ಯಾಲಿನ ಜೋಡಿ ಕೂಡತದ, ಟಕ್ ಅಂತದ. ಯಂತ್ರ ಬರೇ ತಯಾರಾಗತದ. ಪೂರಾ ಒತ್ತಿದ್ರ ಕೆಳಗಿನ ಜೋಡಿ ಕೂಡತದ. ಈ ತಂತಿಯಾಗಿಂದ ಹುಕುಂ ಹೋಗತದ, ಆವಾಗ ಫೋಟೋ. ನೀವ ಒತ್ತಿ ನೋಡ್ರಿ."

ಅವಳು ಹೆಬ್ಬೆರಳಿನಿಂದ ಒತ್ತಿದಳು. ಸ್ಪ್ರಿಂಗ್ ಬೆರಳನ್ನು ಮೇಲಕ್ಕೆ ನೂಕಿತು. ಅರ್ಧ ಹಾದಿಯಲ್ಲಿ ಒಂದು ತಡೆ. ಅದನ್ನು ದಾಟಲು ಇನ್ನಷ್ಟು ಬಲ ಬೇಕು. ಮತ್ತೆ ಮತ್ತೆ ಒತ್ತಿದಳು.

"ನಡುವ ನಿಂದರತದ್ರೀ."

"ಅಲ್ಲೇ ನೀವೂ ನಿಂದರಬೇಕು. ಎರಡನೇ ಟಕ್ ಅನ್ನೋ ತನಕ ಉಸುರು ಬಿಡಬ್ಯಾಡ್ರಿ."

ರಹಿಮಾನ್ ಹಿಡಿಕೆ ಜೋಡಿಸಿ, ಯಂತ್ರ ಹಚ್ಚಿ, ಸ್ವಿಚ್ಚು ಹಿಡಿದು ನಿಂತರು. ವೀರಭದ್ರಮ್ಮ ತಣ್ಣನೆಯ ಹಲಗೆಗೆ ಎದೆ ಹಚ್ಚಿ ಉಸಿರು ಹಿಡಿದಳು. ಟಕ್. ಗಂಟಲಲ್ಲಿ ಕೆಮ್ಮು ಏರಿ ಬಂತು. ಅರ್ಧವಷ್ಟೇ ಆಗಿದೆ ಎಂದು ಬೆರಳಿಗೆ ಗೊತ್ತಿತ್ತು. ಕಣ್ಣಲ್ಲಿ ನೀರು ತುಂಬಿದರೂ ಅಲುಗಲಿಲ್ಲ. ಇನ್ನೊಂದು ಟಕ್.

"ಶಹಬ್ಬಾಸ್! ಬಿಡ್ರಿ ಉಸುರು."

ಮುಸಾಫಿರಖಾನೆಯ ಜಗಲಿಯಲ್ಲಿ ಕುಳಿತಿದ್ದ ಡಾಕ್ಟರು ಹಸಿ ಫಿಲಮ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎದಿ ಸ್ವಚ್ಛ ಅದ. ಇದು ಗಂಟಲ ಕೆಮ್ಮು, ಔಷಧ ಕೊಡ್ತೀನಿ. ಕೂಸಿಗೆ ಹಾಲು ಕುಡಿಸವ್ವಾ."

ಶೇಖರಮ್ಮ ಅವಸರದಿಂದ ಬಂದು ಕೂಸನ್ನು ಅವಳ ತೋಳಿಗಿಟ್ಟಳು.

"ಹಾಲು ಬತ್ಯಾವೇನೋ ಅತ್ತಿ."

"ಕೂಸು ಬಾಯಿ ಹಚ್ಚಲಿ, ಬರತಾವ. ಕುಂದ್ರು ಮೊದಲ."

ಮೋಟಾರಿನ ನೆರಳಲ್ಲಿಯೇ ಅವಳು ಕುಳಿತಳು. ಶೇಖರಮ್ಮ ಸೆರಗು ಹರಡಿ ಮರೆ ಹಿಡಿದಳು; ಇನ್ನೊಂದು ಬದಿಗೆ ಯಮನಮ್ಮ ತಾನಾಗಿಯೇ ಬಂದು ನಿಂತಳು. ಡ್ರೈವರು ಮೋಟಾರು ಚಾಲೂ ಮಾಡಲು ಬಂದ. ರಹಿಮಾನ್ ಕೈಸನ್ನೆ ಮಾಡಿ ತಡೆದು, ಬೀಡಿ ಹಚ್ಚಿಕೊಂಡು ಅತ್ತ ಮುಖ ತಿರುಗಿಸಿ ಕುಳಿತರು.