ಬಾಗಿಲ ಸಂದಿ

“ಪ್ಲಕೇಟ್ ಅಂದ್ರೆ?” ಎಂದು ಕೇಳಿ ಅವಳು ಬಚ್ಚಲ ಬಾಗಿಲಲ್ಲಿ ನಿಂತು ಇಂಗ್ಲಿಷ್ ಪದದ ಚೀಟಿಯನ್ನು ಮಗುಚಿ ಹಿಡಿದಳು.

ಗಂಡ ಬಚ್ಚಲಿನ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ. “ಜಾಗಕ್ಕೆ ಸಂಬಂಧಪಟ್ಟಿದ್ದು. ಪ್ಲೇಸ್ ಇದೆಯಲ್ಲ, ಅದರಿಂದ.”

ಸಿಟ್ಟಾದವರನ್ನು ಸಮಾಧಾನ ಮಾಡುವುದು ಎಂದು ಚೀಟಿಯ ಹಿಂದೆ ಅವಳದೇ ಅಕ್ಷರದಲ್ಲಿತ್ತು. “ಇರಬೇಕು ರೀ,” ಎಂದು ಮುಂದಿನದನ್ನು ತೆಗೆದಳು.

ಅವನು ಗೋದಾಮಿನ ಗುಮಾಸ್ತ. ಅವಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಮೇಲಿನ ಓದಿಗೆ ಸೇರಲು ಇಬ್ಬರೂ ಒಂದೇ ಇಂಗ್ಲಿಷ್ ಪರೀಕ್ಷೆ ಕಟ್ಟಿದ್ದರು. ಅವನಿಗೆ ಇದು ಮೂರನೇ ಸಲ. ಎರಡು ತಿಂಗಳ ಹಿಂದೆ ಒಂದು ಪದದ ಅರ್ಥವನ್ನು ಅವಳು ಅವನಿಗಿಂತ ಮೊದಲೇ ಹೇಳಿಬಿಟ್ಟಿದ್ದಳು. ಅದಕ್ಕೆ ಅವನು ಕೊಟ್ಟ ಹೊಡೆತಕ್ಕೆ ಅವಳ ಎಡಗಿವಿ ಎರಡು ದಿನ ಗುಂಯ್‌ಗುಟ್ಟಿತ್ತು. ಅಂದಿನಿಂದ ಅವನೆದುರು ಬೇಕೆಂದೇ ತಪ್ಪು ಹೇಳುವುದನ್ನು ರೂಢಿಸಿಕೊಂಡಿದ್ದಳು. ಮನಸ್ಸಿನೊಳಗೆ ಮಾತ್ರ ಸಾವಿರದ ನಾನೂರು ಪದ ಸೇರಿದ್ದವು.

ಅಷ್ಟರಲ್ಲಿ ಅವನ ಫೋನು ಸದ್ದು ಮಾಡಿತು. ಕೋಚಿಂಗ್‌ನವರು ಮಾದರಿ ಪರೀಕ್ಷೆಯ ಫಲಿತಾಂಶ ಕಳಿಸಿದ್ದರು. ಇಬ್ಬರದೂ ಅವನ ನಂಬರಿಗೇ ಬಂದಿತ್ತು.

“ನಂಗೆ ನಲವತ್ತೆರಡು,” ಎಂದ. ಅರ್ಧ ಮುಖದಲ್ಲಿ ಇನ್ನೂ ನೊರೆ ಇತ್ತು. “ನಿಂಗೆ ತೊಂಬತ್ತೊಂದು.”

“ಎಲ್ಲೋ ತಪ್ಪಾಗಿರಬೇಕು ರೀ.”

“ಇಷ್ಟು ದಿನ ಏನೂ ಬರದೋಳ ತರ ನಿಂತು ನನ್ನ ನೋಡಿ ನಗ್ತಿದ್ದೆಯೇನೇ?”

ಕೂದಲು ಹಿಡಿದು ಬಚ್ಚಲೊಳಗೆ ಎಳೆದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಚೀಟಿಗಳು ಒದ್ದೆ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಅವಳು ಕೊಸರಿಕೊಂಡು ಹೊರಗೆ ನುಗ್ಗಿ, ಕಾಲು ಜಾರಿ, ಬೀಳದಿರಲು ಬಲಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಳು. ಅವನು ಆ ಬೆರಳುಗಳನ್ನು ನೋಡಿದ. ನೋಡಿಯೇ ಬಾಗಿಲು ದೂಡಿದ. ಅವಳು ಕಿರುಚಿದ ಮೇಲೆ ಇನ್ನೊಮ್ಮೆ ದೂಡಿದ.

“ಈಗ ಬರಿ, ಅದೇನು ಬರೀತೀಯೋ.”

ಕಿರುಚಾಟ ಕೇಳಿ ಓಡಿಬಂದ ಅತ್ತೆ ಅವಳ ಕೈಗೆ ಟವೆಲ್ ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಒಂದೇ ಮಾತು: “ಗಾಳಿಗೆ ಬಾಗಿಲು ಹಾಕ್ಕೊಳ್ತು ಅನ್ನು ಕಣಮ್ಮ. ಮನೆ ಮಾತು ಮನೇಲಿರಲಿ.”

ಮೂಳೆ ಡಾಕ್ಟರಮ್ಮ ಕಪ್ಪಿಟ್ಟ ಮೂರು ಬೆರಳನ್ನು ನೋಡಿ ಹೇಗಾಯಿತೆಂದು ಕೇಳಿದಳು.

“ಗಾಳಿಗೆ...” ಎಂದಳು ಅವಳು.

“ಗಾಳಿಗೆ ಕೂದಲೂ ಕಿತ್ಕೊಂಡು ಬರುತ್ತಾ?”

ಪಕ್ಕದಲ್ಲಿ ಅತ್ತೆ ಸೆರಗಿನ ತುದಿಯನ್ನು ಹಿಂಡುತ್ತ ಕೂತಿದ್ದಳು. ಅವಳೇ ಬಾಯಿಬಿಟ್ಟಳು.

“ಗಾಳಿಯಲ್ಲ ಡಾಕ್ಟ್ರಮ್ಮ. ನಾನು ಹೆತ್ತೋನು. ಅವನಪ್ಪ ಹೊಡೆದಾಗ್ಲೂ ನಾನು ಗಾಳಿ ಅಂತಲೇ ಹೇಳ್ತಿದ್ದೆ. ಬರ್ಕೊಳ್ಳಿ. ಪೊಲೀಸಿಗೂ ಇದನ್ನೇ ಹೇಳ್ತೀನಿ.”

ಇಬ್ಬರೂ ಆ ಮನೆಗೆ ಮತ್ತೆ ಹೋಗಲಿಲ್ಲ. ಅತ್ತೆಯ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ಉಳಿದರು. ಅವನು ಎರಡು ಸಲ ಬಂದು ಬಾಗಿಲು ಬಡಿದ. ಎರಡನೇ ಸಲ ಕಿಟಕಿಯ ಗಾಜು ಒಡೆದ. ಅತ್ತೆ ಒಳಗಿನಿಂದಲೇ ಠಾಣೆಗೆ ಫೋನು ಮಾಡಿದಳು.

ಒಂಬತ್ತನೇ ದಿನ ಪರೀಕ್ಷೆ. ಮೇಲ್ವಿಚಾರಕ ಅವಳ ಕೈಯ ಕಟ್ಟು ನೋಡಿ ತಡೆದ. “ಹೀಗಿದ್ದರೆ ಹೇಗಮ್ಮ? ಇನ್ನೊಂದು ತಾರೀಕು ತಗೋಬಹುದು.”

“ಬೇಡ ಸಾರ್.”

ಅವಳು ಹದಿನೇಳನೇ ಕಂಪ್ಯೂಟರಿನ ಮುಂದೆ ಕೂತಳು. ಮೌಸನ್ನು ಮೆಲ್ಲಗೆ ಎತ್ತಿ ಎಡಗಡೆಗೆ ಇಟ್ಟುಕೊಂಡಳು. ಪರದೆಯ ಮೇಲೆ ಮೌಸಿನ ಬಾಣ ನಡುಗಿತು, ಒತ್ತಬೇಕಾದ ಉತ್ತರದ ಸಾಲನ್ನು ದಾಟಿ ಅಂಚಿಗೆ ಓಡಿತು, ಮತ್ತೆ ಅದೇ ಸಾಲಿಗೆ ತಿರುಗಿ ಬಂತು.