ಮಡಿಯಲ್ಲಿಟ್ಟ ಕಂಪ್ಯೂಟರು

ಹೊಸನಗರದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಕೆಳಗಿಳಿದರೆ ವಾಗ್ದೇವಿಯ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಕನ್ನಡ ಟೈಪಿಂಗ್, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು. ಸುತ್ತಲಿನ ಊರುಗಳಲ್ಲಿ ಹುಟ್ಟಿದವರು, ಮದುವೆಯಾದವರು, ತೀರಿಕೊಂಡವರು ಎಲ್ಲರೂ ಒಂದಲ್ಲ ಒಂದು ದಿನ ಅವಳ ಬೆರಳಿನಡಿ ಹಾದು ಅಕ್ಷರವಾದವರೇ.

ಅಂಗಡಿಯಲ್ಲಿ ಎರಡು ಕಂಪ್ಯೂಟರು. ಹೊಸದು ಕೌಂಟರಿನ ಮೇಲೆ. ಪಹಣಿ ತೆಗೆಯಲು, ಪರೀಕ್ಷೆಯ ಅರ್ಜಿ ತುಂಬಲು, ನೆಟ್ಟಿನ ಕೆಲಸಕ್ಕೆಲ್ಲ ಅದು. ಹಳೆಯದು ಒಳಮೂಲೆಯಲ್ಲಿ. ಅದರಲ್ಲಿ ಇನ್ನೂ ವಿಂಡೋಸ್ ಸೆವೆನ್. ವಾಗ್ದೇವಿ ಕನ್ನಡ ಟೈಪ್ ಮಾಡಲು ಕಲಿತದ್ದು ಅದರ ಮೇಲೆ. ಅವಳ ಹಳೆಯ ಕನ್ನಡ ಸಾಫ್ಟ್‌ವೇರು, ಅದರ ದುಂಡನೆಯ ಅಕ್ಷರ, ಪತ್ರಿಕೆಯ ಅಂಚಿಗೆ ಹಾಕುವ ಬಳ್ಳಿ, ಯಾವುದೂ ಹೊಸದರಲ್ಲಿ ಓಡುತ್ತಿರಲಿಲ್ಲ. ಹೊಸದರಲ್ಲಿ ತೆರೆದರೆ ‘ಶ್ರೀ’ ಇದ್ದಲ್ಲಿ ಪ್ರಶ್ನೆ ಚಿಹ್ನೆ, ವರನ ಹೆಸರಿದ್ದಲ್ಲಿ ಇರುವೆ ಸಾಲು. ಹಾಗಾಗಿ ಹಳೆಯದನ್ನು ಬಿಡಲಾಗದೆ ಇಟ್ಟುಕೊಂಡಿದ್ದಳು. ಆಗಾಗ ಅದರ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸೂಚನೆ ಬರುತ್ತಿತ್ತು: ಇನ್ನು ಮುಂದೆ ಈ ಕಂಪ್ಯೂಟರಿಗೆ ಸುರಕ್ಷತೆಯ ಅಪ್‌ಡೇಟ್ ಸಿಗುವುದಿಲ್ಲ. ವಾಗ್ದೇವಿ ನೊಣ ಓಡಿಸಿದ ಹಾಗೆ ಅದನ್ನು ಮುಚ್ಚುತ್ತಿದ್ದಳು.

ಸಂತೆಯ ದಿನ ಮಾಸ್ತಿಕಟ್ಟೆ ಕಡೆಯಿಂದ ಬೆಳ್ಳಪ್ಪಜ್ಜ ಬರುತ್ತಿದ್ದರು. ಅವರ ಊರು ಮೇಲುಜಡ್ಡು ಅಣೆಕಟ್ಟಿನ ನೀರಿನಡಿ ಹೋಗಿ ಯಾವ ಕಾಲವಾಯಿತೋ. ಆದರೆ ಅಜ್ಜನ ತಲೆಯೊಳಗೆ ಅದು ನೀರು ಸೋಕದ ನೆಲವಾಗಿಯೇ ಉಳಿದಿತ್ತು. ಯಾವ ಗದ್ದೆಗೆ ಏನು ಹೆಸರು, ಯಾವ ಹಳ್ಳ ಎಲ್ಲಿ ತಿರುಗುತ್ತದೆ, ಯಾವ ಬಂಡೆಯ ಮೇಲೆ ಯಾರು ಭತ್ತ ಒಣಗಿಸುತ್ತಿದ್ದರು, ಎಲ್ಲ ಹೇಳುತ್ತಿದ್ದರು. ಅವರು ಸ್ಟೂಲಿನ ಮೇಲೆ ಕೂತು ಹೇಳಿದಂತೆ ವಾಗ್ದೇವಿ ನೇರವಾಗಿ ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಳು. ಚದುರಿಹೋದ ಊರಿನವರಿಗೆಲ್ಲ ಒಂದೊಂದು ಪುಸ್ತಕ ಮಾಡಿ ಹಂಚಬೇಕೆಂಬುದು ಅಜ್ಜನ ಆಸೆ.

“ಬರ್ಕಳಿ ವಾಗ್ದೇವಮ್ಮ. ಅತ್ತೆ-ಸೊಸೆ ಗದ್ದೆ.”

“ಅದೆಂತ ಹೆಸರು ಅಜ್ಜ?”

“ಎರಡು ಗದ್ದೆ, ನಡುವೆ ಒಂದೇ ಅಂಚು. ನೀರು ಇವಳಿಗೆ ಬಿಟ್ರೆ ಅವಳು ಒಣಗ್ತಾಳೆ, ಅವಳಿಗೆ ಬಿಟ್ರೆ ಇವಳು. ಇಬ್ರೂ ಒಟ್ಟಿಗೆ ಕುಡಿದಿದ್ದು ನಾ ಕಂಡಿಲ್ಲ. ಕೊನೆಗೆ ಡ್ಯಾಮಿನ ನೀರು ಬಂತಲ್ಲ, ಇಬ್ರಿಗೂ ಒಂದೇ ಸಲ ಕುಡಿಸ್ತು.”

ವಾಗ್ದೇವಿ ನಗುತ್ತ ಟೈಪ್ ಮಾಡಿದಳು. ಆಮೇಲೆ ನಗು ನಿಂತು, ಬೆರಳು ಮಾತ್ರ ಓಡಿತು.

ಅಜ್ಜನನ್ನು ವಾಪಸು ಕರೆದೊಯ್ಯಲು ಒಮ್ಮೆ ಮೊಮ್ಮಗಳು ಸುಚಿತ್ರಾ ಬಂದಳು. ಸಾಗರದ ಕಾಲೇಜಿನಲ್ಲಿ ಕಂಪ್ಯೂಟರು ಕಲಿಸುವವಳು. ಬಂದವಳು ಹಳೆಯ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ್ದ ನೀಲಿ ವೈರು ನೋಡಿದಳು.

“ಅಕ್ಕ, ಇದಕ್ಕೂ ನೆಟ್ ಕೊಟ್ಟಿದೀರಾ?”

“ಹೂಂ. ಎರಡಕ್ಕೂ ಒಂದೇ ಕನೆಕ್ಷನ್ನು.”

“ತೆಗೀರಿ ಮೊದ್ಲು.”

“ಎಂತಕ್ಕೆ ಮಾರಾಯ್ತಿ? ಚೆನ್ನಾಗಿ ಓಡ್ತಾ ಇದ್ಯಲ್ಲ.”

“ಓಡೋದು ಬೇರೆ, ಗಟ್ಟಿ ಇರೋದು ಬೇರೆ. ಎಂಥಾ ಸಾಫ್ಟ್‌ವೇರಲ್ಲೂ ಅಲ್ಲಲ್ಲಿ ಕಂಡಿ ಇರ್ತದೆ ಅಕ್ಕ. ಗೊತ್ತಾದ ಹಾಗೆಲ್ಲ ಕಂಪನಿಯವ್ರು ಮುಚ್ತಾ ಬರ್ತಾರೆ. ಅಪ್‌ಡೇಟ್ ಅಂದ್ರೆ ಅದೇ. ಇದು ಹಳೇದಾಯ್ತು ಅಂತ ಮುಚ್ಚೋದು ನಿಲ್ಸಿ ವರ್ಷಗಟ್ಟಲೆ ಆಯ್ತು. ಕಂಡಿ ಎಲ್ಲೆಲ್ಲಿದೆ ಅಂತ ಕಳ್ಳರಿಗೆ ಬಾಯಿಪಾಠ.”

“ನನ್ನ ಹತ್ರ ಕದಿಯಕ್ಕೆ ಎಂತ ಇದೆ? ಬೇರೆಯವ್ರ ಮದುವೆ.”

“ಕದಿಯಲ್ಲ. ನಿಮ್ಮ ಫೈಲಿಗೆಲ್ಲ ಅವ್ರ ಬೀಗ ಹಾಕ್ತಾರೆ. ಕೀಲಿಕೈ ಬೇಕಾದ್ರೆ ದುಡ್ಡು ಕೊಡಿ ಅಂತಾರೆ. ಟೈಪಿಂಗಿಗೆ ಇದನ್ನೇ ಇಟ್ಕಳಿ, ಬೇಡ ಅನ್ನಲ್ಲ. ಆದ್ರೆ ನೆಟ್ಟಿಗೆ ತಾಗಿಸ್ಬೇಡಿ.”

ವಾಗ್ದೇವಿಗೆ ಥಟ್ಟನೆ ಅರ್ಥವಾದಂತೆ ಅನ್ನಿಸಿತು. “ಅಂದ್ರೆ ಇದನ್ನ ಮಡೀಲಿ ಇಡ್ಬೇಕು ಅಂತೀಯ.”

ಸುಚಿತ್ರಾ ನಕ್ಕಳು. “ಹಾಗೇ ಅನ್ಕಳಿ.”

ಸ್ಟೂಲಿನ ಮೇಲಿದ್ದ ಬೆಳ್ಳಪ್ಪಜ್ಜ ಎಲೆಯಡಿಕೆಯ ಬಾಯಿ ಸರಿಮಾಡಿಕೊಂಡರು. “ನಿಮ್ಮ ಮಡಿ ಒಂದು ಕಾಲದಲ್ಲಿ ನಮ್ಮನ್ನ ಅಂಗಳದಲ್ಲೇ ನಿಲ್ಲಿಸ್ತಿತ್ತು ಕಣಮ್ಮ. ಈಗ ನಮ್ಮೂರನ್ನೇ ಮಡೀಲಿಟ್ಟು ಕಾಯ್ತದೆ ಅಂತಾಯ್ತು.”

ವಾಗ್ದೇವಿ ತಲೆ ತಗ್ಗಿಸಿದಳು. ಅಜ್ಜನೇ ನಕ್ಕು, “ಚಾ ತರ್ಸಿ, ಪಾಪ ಕಳೀತದೆ” ಅಂದರು.

ಹೋಗುವಾಗ ಸುಚಿತ್ರಾ ಒಂದು ಸಣ್ಣ ಹಾರ್ಡ್ ಡಿಸ್ಕ್ ಕೊಟ್ಟಳು. ವಾರಕ್ಕೊಮ್ಮೆ ಎಲ್ಲವನ್ನೂ ಇದಕ್ಕೆ ಕಾಪಿ ಮಾಡಿ, ಬಿಚ್ಚಿ ಬೇರೆ ಕಡೆ ಇಡಿ ಅಂದಳು.

ಮಡಿ ಎಂಬ ಆ ಮಾತು ಆಡಬಾರದಿತ್ತು ಎಂದು ವಾಗ್ದೇವಿ ಆಮೇಲೆ ಎಷ್ಟು ಸಲ ಅಂದುಕೊಂಡಳೋ. ಏಕೆಂದರೆ ಅದು ಅವಳ ಮನೆಯ ಮಾತು. ಮನೆಯ ಮಾತಿಗೆ ಮನೆಯ ರಿಯಾಯಿತಿಗಳೂ ಅಂಟಿಕೊಂಡೇ ಬರುತ್ತವೆ. ಅವಳ ಅತ್ತೆ ಸೀತಮ್ಮ ಇವತ್ತಿಗೂ ಮಡಿಯುಟ್ಟೇ ನೈವೇದ್ಯದ ಅನ್ನ ಬಸಿಯುವವರು. ಯಾರಾದರೂ ಮುಟ್ಟಿದರೆ ತಲೆಗೊಂದು ಚೊಂಬು ನೀರು, ಮಡಿ ಮತ್ತೆ ಬಂತು. ರೇಷ್ಮೆಯುಟ್ಟಿದ್ದರೆ ಅಷ್ಟೂ ಬೇಡ. ಬಟ್ಟೆ ಒಣಗಿಸುವ ಮಡಿಕೋಲಿನ ಮೇಲೆ ಮಡಿ ಸೀರೆಗೆ ಮಡಿ ಪಂಚೆ ತಾಗಿದರೆ ದೋಷವೇ ಇಲ್ಲ.

ಮೊದಮೊದಲು ವೈರು ಬಿಚ್ಚಿಯೇ ಇತ್ತು. ಒಂದು ದಿನ ತೀರ್ಥಹಳ್ಳಿಯಿಂದ ಮದುಮಗಳ ಅಪ್ಪನ ಫೋನು. ಪತ್ರಿಕೆ ಹೇಗೆ ಬಂದಿದೆ, ಈಗಲೇ ಮೊಬೈಲಿಗೆ ಕಳಿಸಿ, ಬೀಗರು ಎದುರಿಗೇ ಕೂತಿದ್ದಾರೆ ಅಂದರು. ಫೈಲನ್ನು ಹೊಸ ಕಂಪ್ಯೂಟರಿಗೆ ಸಾಗಿಸುವ ಪೆನ್‌ಡ್ರೈವನ್ನು ಯಾರೋ ಗಿರಾಕಿ ಕೊಂಡೊಯ್ದಿದ್ದರು. ವಾಗ್ದೇವಿ ಒಂದು ಕ್ಷಣ ವೈರು ಸಿಕ್ಕಿಸಿದಳು, ಪತ್ರಿಕೆಯನ್ನು ಚಿತ್ರ ಮಾಡಿ ಕಳಿಸಿದಳು, ಬಿಚ್ಚಿದಳು, ಕಂಪ್ಯೂಟರು ರೀಸ್ಟಾರ್ಟ್ ಮಾಡಿದಳು. ಸ್ನಾನವಾಯಿತು ಎಂದು ತನ್ನಷ್ಟಕ್ಕೆ ನಕ್ಕಳು. ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂದೇ ಮತ್ತೊಮ್ಮೆ ಮಾಡಿದಳು. ಆಮೇಲೆ ಅದೇ ರೂಢಿಯಾಯಿತು. ಆಂಟಿವೈರಸ್ ಹೇಗೂ ಇತ್ತು, ರೇಷ್ಮೆಯುಟ್ಟ ಹಾಗೆ. ಹಾರ್ಡ್ ಡಿಸ್ಕು ಕಂಪ್ಯೂಟರಿಗೇ ತಗಲಿಕೊಂಡಿತ್ತು. ಮಡಿಗೆ ಮಡಿ ತಾಗಿದರೆ ಏನು?

ಡಾಕ್ಟರ ಹತ್ತಿರ ಹೋಗಲು ಪೇಟೆಗೆ ಬಂದಿದ್ದ ಸೀತಮ್ಮ ಅವಳು ವೈರು ಸಿಕ್ಕಿಸಿದ್ದನ್ನು ನೋಡಿದರು.

“ಇದು ಮಡೀಲಿ ಇತ್ತಲ್ಲನೆ?”

“ಈಗ ಸ್ನಾನ ಮಾಡಿಸ್ತೀನಿ ಅತ್ತೆ.”

“ನನ್ನ ಮಡಿಗಿಂತ ಸಲೀಸಾಯ್ತಲ್ಲ ಇದ್ರದ್ದು.”

ಇಬ್ಬರೂ ನಕ್ಕರು.

ಆಮೇಲೊಂದು ಸಂತೆಗೆ ಬೆಳ್ಳಪ್ಪಜ್ಜ ಬರಲಿಲ್ಲ. ಪಾರ್ಶ್ವವಾಯು ಹೊಡೆದಿತ್ತು. ಶಿವಮೊಗ್ಗದ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದರು, ಮಾತು ಅಲ್ಲೇ ಉಳಿಯಿತು. ಎದುರಿಗಿದ್ದವರು ಹೇಳಿದ್ದೆಲ್ಲ ತಿಳಿಯುತ್ತದೆ, ನಾಲಿಗೆ ಹೊರಳುವುದಿಲ್ಲ. ಇನ್ನು ಮೇಲುಜಡ್ಡು ಎಂಬ ಊರು ಹಳೆಯ ಕಂಪ್ಯೂಟರಿನೊಳಗೆ ಮಾತ್ರ ಇತ್ತು.

ಸುಚಿತ್ರಾ ಫೋನು ಮಾಡಿದಳು. “ಅಕ್ಕ, ಅಜ್ಜ ಹೇಳಿದ್ದೆಲ್ಲ ನಿಮ್ಮ ಹತ್ರ ಇದ್ಯಲ್ಲ. ಪಕ್ಕದಲ್ಲಿ ಕೂತು ಓದಿ ಹೇಳ್ತೀನಿ. ಅವ್ರ ಮಾತು ಅವ್ರಿಗೇ ಕೇಳಿಸ್ಲಿ.”

“ಸಂಜೆಯೊಳಗೆ ನಿನ್ನ ಮೊಬೈಲಿಗೆ ಬರ್ತದೆ ನೋಡು.”

ಪ್ರಿಂಟ್ ತೆಗೆದು ಬಸ್ಸಿನಲ್ಲಿ ಕಳಿಸಿದ್ದರೆ ಸಾಕಿತ್ತು. ಆದರೆ ವಾಗ್ದೇವಿಗೆ ಅದು ಸಂಜೆಯೊಳಗೆ ಚೆಂದವಾಗಿ ಮೊಬೈಲಿಗೇ ಹೋಗಬೇಕೆಂಬ ಆಸೆ. ಲಗ್ನಪತ್ರಿಕೆಯ ಹಾಗೆ ಚಿತ್ರ ಮಾಡಿ ಕಳಿಸಲು ಇದು ಒಂದು ಪುಟವಲ್ಲ, ಹಳೆಯ ಅಕ್ಷರವನ್ನು ಹಾಗೇ ಕಳಿಸಿದರೆ ಮೊಬೈಲಿನಲ್ಲಿ ಇರುವೆ ಸಾಲಾಗುತ್ತದೆ. ಅದನ್ನು ಎಲ್ಲ ಮೊಬೈಲಿನಲ್ಲೂ ಮೂಡುವ ಯೂನಿಕೋಡ್ ಅಕ್ಷರಕ್ಕೆ ಬದಲಿಸುವ ಸಾಫ್ಟ್‌ವೇರು ಇರುತ್ತದೆಂದು ಕೇಳಿದ್ದಳು. ಫೈಲು ಹಳೆಯದರಲ್ಲೇ ಇತ್ತಲ್ಲ, ಅದಕ್ಕೇ ವೈರು ಸಿಕ್ಕಿಸಿ ಹುಡುಕಿದಳು. ಯಾವುದೋ ಗುರುತಿಲ್ಲದ ಜಾಲತಾಣದಲ್ಲಿ ಪುಕ್ಕಟೆ ಸಿಕ್ಕಿತು. ಇಳಿಸಿಕೊಂಡಳು. ಕೇಳಿದ್ದಕ್ಕೆಲ್ಲ ಓಕೆ ಒತ್ತಿದಳು. ಬಿಳಿಯ ಕಿಟಕಿಯೊಂದು ತೆರೆದು ಮುಚ್ಚಿಕೊಂಡಿತು, ಅಷ್ಟೇ. ಇದು ಆಗುವಂಥದ್ದಲ್ಲ ಎಂದುಕೊಂಡು ಕೌಂಟರಿಗೆ ಹೋಗಿ ಜೆರಾಕ್ಸಿಗೆ ಬಂದವರನ್ನು ಕಳಿಸಿ ಬಂದಳು.

ಬಂದು ನೋಡಿದರೆ ಫೈಲುಗಳ ಹೆಸರಿಗೆಲ್ಲ ಗೊತ್ತಿಲ್ಲದ ಅಕ್ಷರಗಳ ಬಾಲ. ಯಾವುದೂ ತೆರೆಯದು. ಪರದೆಯ ತುಂಬ ಕೆಂಪು ಇಂಗ್ಲಿಷು: ನಿಮ್ಮ ಫೈಲುಗಳಿಗೆ ಬೀಗ ಬಿದ್ದಿದೆ, ಹಣ ಕೊಡಿ.

ವಾಗ್ದೇವಿ ವೈರು ಕಿತ್ತಳು. ರೀಸ್ಟಾರ್ಟ್ ಮಾಡಿದಳು. ಕೆಂಪು ಪರದೆ ಮತ್ತೆ ಬಂತು. ಇನ್ನೊಮ್ಮೆ ಮಾಡಿದಳು. ಹಾರ್ಡ್ ಡಿಸ್ಕಿನ ಹಸಿರು ದೀಪ ಆಗಲೂ ಮಿನುಗುತ್ತಲೇ ಇತ್ತು.

ಮಾರನೆಯ ದಿನ ಸಾಗರದ ಮೊದಲ ಬಸ್ಸಿಗೆ ಸುಚಿತ್ರಾ ಬಂದಳು. ಬಹಳ ಹೊತ್ತು ನೋಡಿ ಕೇಳಿದಳು. “ಡಿಸ್ಕು ಬಿಚ್ಚಿ ಇಟ್ಟಿರ್ಲಿಲ್ವಾ ಅಕ್ಕ?”

“ಕಾಪಿ ಎಲ್ಲ ಸರಿಯಾಗೇ ಮಾಡ್ತಿದ್ದೆ. ಮಡಿಗೆ ಮಡಿ ತಾಗಿದ್ರೆ ಎಂತಾಗಲ್ಲ ಅಂತ...”

“ಸಿಕ್ಕಿಸಿದ್ದಕ್ಕೆಲ್ಲ ಅದೇ ಬೀಗ ಬೀಳ್ತದೆ.”

“ಪ್ರತಿ ಸಲ ರೀಸ್ಟಾರ್ಟ್ ಮಾಡ್ತಿದ್ದೆ ಕಣೆ.”

“ಅದು ಮೈಮೇಲೆ ಕೂರೋದಲ್ಲ ಅಕ್ಕ, ನೀರು ಹಾಕಿದ್ರೆ ಹೋಗಕ್ಕೆ. ಒಳಗೇ ಇಳೀತದೆ. ರೀಸ್ಟಾರ್ಟ್ ಮಾಡಿದ್ರೆ ಅದೂ ಜೊತೆಗೇ ಎದ್ದು ಕೂರ್ತದೆ. ಆಂಟಿವೈರಸ್ಸಿಗೂ ವಯಸ್ಸಾಗಿತ್ತು. ಹೊಸ ಕಳ್ಳರ ಮುಖ ಅದಕ್ಕೆ ಗೊತ್ತಿಲ್ಲ.”

“ಕೇಳಿದ್ದು ಕೊಟ್ಬಿಡಣ. ನನ್ನ ಬಳೆ ಇದೆ.”

“ಕೊಟ್ರೂ ಕೀಲಿಕೈ ಕೊಡ್ತಾರೆ ಅಂತ ನಂಬಿಕೆ ಇಲ್ಲ. ಕೊಟ್ಟವ್ರನ್ನೇ ಮತ್ತೆ ಕೇಳ್ತಾರೆ.”

ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನು ಮಾಡಿದರು. ಠಾಣೆಯಲ್ಲಿ ದೂರು ಕೊಟ್ಟರು. ದೂರು ಬರೆದುಕೊಂಡವರು ಒಳ್ಳೆಯ ಮಾತೇ ಆಡಿದರು, ಆದರೆ ಬೀಗ ತೆಗೆಯುವುದು ಅವರ ಕೈಯಲ್ಲೂ ಇರಲಿಲ್ಲ. ಕೆಲವು ಬಗೆಯ ಬೀಗಕ್ಕೆ ತಿಳಿದವರು ಕೀಲಿಕೈ ಮಾಡಿಟ್ಟಿರುತ್ತಾರಂತೆ. ಸುಚಿತ್ರಾ ಹುಡುಕಿ ಹುಡುಕಿ ಹಾಕಿ ನೋಡಿದಳು. ಇದಕ್ಕೆ ಯಾವುದೂ ಹೊಂದಲಿಲ್ಲ.

ವಾಗ್ದೇವಿ ಅತ್ತೆಯನ್ನು ಕರೆದುಕೊಂಡು ಬೆಳ್ಳಪ್ಪಜ್ಜನ ಮನೆಗೆ ಹೋದಳು. ಮಂಚದ ಪಕ್ಕ ಕೂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅಜ್ಜ ಕೇಳಿದರು. ಅವರ ಕಣ್ಣು ಅವಳ ಮುಖದಿಂದ ಅವಳ ಬೆರಳಿಗೆ ಇಳಿದು ಅಲ್ಲೇ ನಿಂತಿತು. ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಜ್ಜನ ಹೆಂಡತಿ ಜಲಜಮ್ಮನೇ ಮಾತು ತೆಗೆದರು. “ನಾ ಸೊಸೆಯಾಗಿ ಬಂದವಳು. ನಟ್ಟಿ ಮಾಡಿದ ಗದ್ದೆ ಹೆಸರು ಗೊತ್ತು. ಹಳ್ಳದಾಚೆದು, ಕಾಡಿಂದು ಇವ್ರಿಗೇ ಸೈ. ಆದಷ್ಟು ಬರ್ಕಳಿ.”

ಸುಚಿತ್ರಾ ತನ್ನ ಲ್ಯಾಪ್‌ಟಾಪ್ ತೆರೆದು ವಾಗ್ದೇವಿಯ ಮುಂದಿಟ್ಟಳು. ಜಲಜಮ್ಮ ಒಂದೊಂದೇ ಹೆಸರು ಹೇಳಿದರು, ಅಜ್ಜ ತಲೆಯಾಡಿಸಿ ಹೂಂಗುಟ್ಟಿದರು. ಮೊಲದ ಹಕ್ಕಲು, ಹೂಂ. ಬಸವಿ ಹೊಂಡ, ಹೂಂ. ವಾಗ್ದೇವಿಗೆ ಕೊಡೆಕಲ್ಲು ಎಂಬ ಹೆಸರು ಮಾತ್ರ ನೆನಪಿತ್ತು, ಅದರ ಕಥೆ ನೆನಪಿರಲಿಲ್ಲ.

“ಕೊಡೆಕಲ್ಲು ಹಳ್ಳದಾಚೆ ಅಲ್ವಾ ಅಜ್ಜ?”

ಅಲ್ಲ ಎಂದು ತಲೆಯಾಡಿಸಿದರು.

“ಈಚೆಗೆ?”

ಅಲ್ಲ.

“ಮತ್ತೆಲ್ಲಿ?”

ಅಜ್ಜನ ತುಟಿ ಅಲುಗಿತು. ಗಂಟಲಿನಲ್ಲಿ ಏನೋ ಹೊರಳಿತು. ಸ್ವರ ಬಂತು, ಮಾತಾಗಲಿಲ್ಲ. ಮತ್ತೆ ಪ್ರಯತ್ನಿಸಿದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದರು. ವಾಗ್ದೇವಿ ಆ ಜಾಗವನ್ನು ಖಾಲಿ ಬಿಟ್ಟಳು. ಆ ದಿನ ಇನ್ನೂ ಎಷ್ಟೋ ಜಾಗ ಖಾಲಿ ಉಳಿದವು.

ಬರುವಾಗ ಬಸ್ಸಿನಲ್ಲಿ ಸೀತಮ್ಮ ಅಂದರು. “ನನ್ನ ಮಡಿ ಕೆಟ್ರೆ ನನಗೊಬ್ಬಳಿಗೆ. ಇದು ಕೆಟ್ಟಿದ್ದಕ್ಕೆ ಒಂದು ಊರೇ ಹೋಯ್ತಲ್ಲೆ. ನಾನೂ ನಗಾಡ್ತಾ ನಿಂತಿದ್ದೆ.” ಈಗ ಮನೆಯಲ್ಲಿ ಮಗ, ಅಂದರೆ ವಾಗ್ದೇವಿಯ ಗಂಡ, ಲ್ಯಾಪ್‌ಟಾಪ್ ಮುಚ್ಚಿದರೂ, ಸೊಸೆ ಅಂಗಡಿಯ ಬಾಗಿಲು ಹಾಕಿ ಬಂದರೂ ಸೀತಮ್ಮನ ಮೊದಲ ಪ್ರಶ್ನೆ ಒಂದೇ: “ಕಾಪಿ ಮಾಡಿ ಬಿಚ್ಚಿ ಇಟ್ಯನ?”

ಇದನ್ನು ಓದುತ್ತಿರುವ ಅಕ್ಕಂದಿರೇ, ಸಂಘದಲ್ಲಿ ಕೂತು ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಸೊಸೈಟಿಯಲ್ಲಿ ಅಪ್‌ಡೇಟ್ ನಿಂತುಹೋದ ಹಳೆಯ ಕಂಪ್ಯೂಟರು ಇದ್ದೇ ಇರುತ್ತದೆ. ಹೊಸದಕ್ಕೆ ಬದಲಾಯಿಸಲು ಆದರೆ ಅದೇ ಒಳ್ಳೆಯದು. ಆಗದಿದ್ದರೆ ಅದನ್ನು ನೆಟ್ಟಿಗೆ ತಾಗಿಸಬೇಡಿ, ಒಂದು ನಿಮಿಷಕ್ಕೂ ಬೇಡ. ನೆಟ್ಟಿನ ಕೆಲಸ, ಬ್ಯಾಂಕಿನ ಕೆಲಸ ಹೊಸದರಲ್ಲೇ ಮಾಡಿ. ಫೈಲು ಸಾಗಿಸಲು ಒಂದು ಪೆನ್‌ಡ್ರೈವನ್ನು ಅದಕ್ಕೆಂದೇ ಇಟ್ಟುಕೊಂಡು, ಪ್ರತಿ ಸಲ ಹೊಸ ಕಂಪ್ಯೂಟರಿನಲ್ಲಿ ವೈರಸ್ ಇದೆಯೇ ನೋಡಿ. ನೆಟ್ ಕೊಡದೆ ಗತಿಯೇ ಇಲ್ಲ ಅನ್ನುವವರು ತಿಳಿದವರನ್ನು ಕೇಳಿ ಹೊರಗಿನ ದಾಳಿ ತಡೆಯುವ ಫೈರ್‌ವಾಲ್ ಹಾಕಿಸಿ, ಗುರುತಿಲ್ಲದ ಜಾಗದಿಂದ ಏನನ್ನೂ ಇಳಿಸಿಕೊಳ್ಳಬೇಡಿ. ಆದರೂ ಅಪಾಯ ಪೂರ್ತಿ ಹೋಗುವುದಿಲ್ಲ ಎಂಬುದು ನೆನಪಿರಲಿ. ಬೇಕಾದದ್ದರ ಕಾಪಿ ಎರಡು ಕಡೆ ಇರಲಿ, ಒಂದಾದರೂ ಬಿಚ್ಚಿ ದೂರ ಇಟ್ಟದ್ದಾಗಿರಲಿ. ಬೀಗ ಬಿದ್ದೇ ಬಿಟ್ಟರೆ ವೈರು ಕೀಳಿ, ದುಡ್ಡು ಕೊಡಬೇಡಿ, 1930ಕ್ಕೆ ಫೋನು ಮಾಡಿ.

ಕಂಪ್ಯೂಟರು ಹೋದರೆ ಇನ್ನೊಂದು ಬರುತ್ತದೆ. ನೀವು ಅದರಲ್ಲಿ ಯಾರ ಮಾತು, ಯಾರ ಮುಖ ಇಟ್ಟಿದ್ದೀರೋ ಅವರು ಇನ್ನೊಮ್ಮೆ ಬಂದು ಕೂರುತ್ತಾರೆಯೇ? ಇವತ್ತು ಮನೆಗೆ ಹೋದವರು ಚಪ್ಪಲಿ ಬಿಡುವ ಮೊದಲು ಆ ವೈರು ಬಿಚ್ಚಿ.